ಓದುಗರ ಪ್ರಶ್ನೆ: ಎರಡು ಕಾಲಿನ ಯಂತ್ರಕ್ಕೆ ಪೀಣ್ಯದಲ್ಲಿ ಏನು ಕೆಲಸ?

ಹೋದ ಸಂಚಿಕೆಯಲ್ಲಿ ಹ್ಯೂಮನಾಯ್ಡ್ ರೋಬೋಟ್‌ಗಳ, ಅಂದರೆ ಎರಡು ಕಾಲು, ಎರಡು ಕೈ, ಒಂದು ತಲೆ ಇರುವ ಮನುಷ್ಯಾಕಾರದ ಯಂತ್ರಗಳ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಸಣ್ಣ ಕಾರ್ಖಾನೆಗಳ ಮಾಲೀಕರು ಅವುಗಳ ಮೇಲೆ ಈಗಲೇ ಹಣ ಹೂಡುವುದು ಅವಸರವಾದೀತು ಎಂಬುದು ಅದರ ಸಾರಾಂಶವಾಗಿತ್ತು. ಬಂದ ಪತ್ರಗಳಲ್ಲಿ ಒಪ್ಪಿದವರಿಗಿಂತ ತಕರಾರು ತೆಗೆದವರೇ ಹೆಚ್ಚು. ಅವುಗಳಲ್ಲಿ ಬೆಂಗಳೂರಿನ ಓದುಗರು ಕೇಳಿದ ಕೆಲವು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಬಡಾವಣೆಯನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಎಂಟು ಸಿಎನ್‌ಸಿ ಲೇತ್‌ಗಳಿರುವ (ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರಗಳು) ಸಣ್ಣ ಯಂತ್ರಾಗಾರ. ರಾತ್ರಿ ಪಾಳಿಗೆ ಆಪರೇಟರ್‌ಗಳು ಸಿಗುವುದೇ ಕಷ್ಟ. ಸಿಕ್ಕವರೂ ಹಬ್ಬಕ್ಕೆ ಊರಿಗೆ ಹೋದರೆ ತಿರುಗಿ ಬರುವುದು ಅನುಮಾನ. ಮಾದಾವರದ ವಸ್ತುಪ್ರದರ್ಶನದಲ್ಲಿ ಸಿಕ್ಕ ಮಾರಾಟ ಪ್ರತಿನಿಧಿಯೊಬ್ಬರು, ಮನುಷ್ಯಾಕಾರದ ರೋಬೋಟ್ ತಂದು ನಿಲ್ಲಿಸಿದರೆ ಲೇತ್‌ಗಳಲ್ಲಿ ಏನನ್ನೂ ಬದಲಾಯಿಸದೆ ಜಾಬ್ (ಕೊರೆಯಬೇಕಾದ ಲೋಹದ ತುಂಡು) ಹಾಕಿ ತೆಗೆಯುವ ಕೆಲಸ ನಡೆದುಹೋಗುತ್ತದೆ ಎಂದರು. ನಂಬಬಹುದೇ? (ಪೀಣ್ಯ ಎರಡನೇ ಹಂತ)

ಉತ್ತರ: ನಂಬುವುದಕ್ಕೆ ಮೊದಲು ಒಂದು ರಾತ್ರಿ ನಿಮ್ಮ ಅತ್ಯುತ್ತಮ ಆಪರೇಟರ್‌ನ ಬೆನ್ನ ಹಿಂದೆ ಸುಮ್ಮನೆ ನಿಂತು ನೋಡಿ. ಲೇತಿನ ಬಾಗಿಲು ಸರಿಯುತ್ತದೆ. ಆತ ಎಡಗೈಯಲ್ಲಿ ಮುಗಿದ ಜಾಬನ್ನು ಹಿಡಿದುಕೊಂಡು, ಕಾಲಿನಲ್ಲಿ ಪೆಡಲ್ ಒತ್ತಿ, ಜಾಬನ್ನು ಕಚ್ಚಿ ಹಿಡಿದಿರುವ ಚಕ್ ಬಿಡಿಸುತ್ತಾನೆ. ಬಲಗೈಯಲ್ಲಿರುವ ಏರ್ ಗನ್ನಿನಿಂದ ದವಡೆಗಳ ಸಂದಿಗೆ ಗಾಳಿ ಹೊಡೆಯುತ್ತಾನೆ. ಹೊಸ ಜಾಬನ್ನು ಒಳಗೆ ಕೂರಿಸಿ, ಪೆಡಲ್ ಒತ್ತುವ ಮುನ್ನ ಹೆಬ್ಬೆರಳಿನಿಂದ ಅದನ್ನು ಕಾಲು ಸುತ್ತು ತಿರುಗಿಸಿ ಹಿಂದಕ್ಕೆ ಒತ್ತುತ್ತಾನೆ. ಈ ಕಾಲು ಸುತ್ತನ್ನು ಗಮನಿಸಿ. ಹಿಂದೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಚಿಪ್ (ಲೋಹದ ಚೂರು) ಸಿಕ್ಕಿಕೊಂಡಿದ್ದರೂ ಜಾಬ್ ಸ್ವಲ್ಪ ಅಲುಗುತ್ತದೆ; ಅದು ಅವನ ಬೆರಳಿಗೆ ತಿಳಿಯುತ್ತದೆ, ಕಣ್ಣಿಗಲ್ಲ. ಅವನು ಅದನ್ನು ಹೊರತೆಗೆದು, ವೇಸ್ಟ್ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸುತ್ತಾನೆ. “ಕೂತಿಲ್ಲ ಸರ್” ಎಂದು ಆಪರೇಟರ್‌ಗಳು ಹೇಳುವುದು ಇದನ್ನೇ. ಇಷ್ಟೂ ಅರ್ಧ ನಿಮಿಷದೊಳಗಿನ ಮಾತು. ಬಾಗಿಲು ಮುಚ್ಚಿದ ಮೇಲೆ ಲೇತ್ ತನ್ನ ಪಾಡಿಗೆ ಕೊರೆಯುತ್ತಿರುವಾಗ ಆತ ಹಿಂದಿನ ಜಾಬಿನ ಅಂಚಿನ ಬರ್ (ಉಳಿದ ಚೂಪು) ತೆಗೆದು, ಗೇಜ್ ಹಾಕಿ ಅಳತೆ ನೋಡಿ, ಟ್ರೇಯಲ್ಲಿ ಜೋಡಿಸಿ, ಪಕ್ಕದ ಲೇತಿನ ಸದ್ದು ಬದಲಾಗಿದ್ದರೆ ಅತ್ತ ಕಿವಿಗೊಡುತ್ತಾನೆ.

ಪ್ರತಿನಿಧಿ ಹೇಳಿದ “ಜಾಬ್ ಹಾಕಿ ತೆಗೆಯುವ ಕೆಲಸ” ಎಂದರೆ ಇಷ್ಟೆಲ್ಲ. ಇದರಲ್ಲಿ ಕಾಲಿನ ಪಾಲು ಪೆಡಲ್ ಒತ್ತುವುದು ಮತ್ತು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದು ಮಾತ್ರ, ಉಳಿದದ್ದೆಲ್ಲ ಕೈಯದು. ಇಂದಿನ ಹ್ಯೂಮನಾಯ್ಡ್‌ಗಳು ಎಲ್ಲಿ ಗಟ್ಟಿ, ಎಲ್ಲಿ ದುರ್ಬಲ ಎಂದು ನೋಡಿದರೆ ಲೆಕ್ಕ ತಿರುವುಮುರುವು: ನಡಿಗೆ ಬಹುಮಟ್ಟಿಗೆ ಹಿಡಿತಕ್ಕೆ ಬಂದಿದೆ, ಬೆರಳಿನ ಸ್ಪರ್ಶ ಬಂದಿಲ್ಲ. ಮನುಷ್ಯನ ಒಂದು ಅಂಗೈಯ ಚರ್ಮದಲ್ಲಿ ಒತ್ತಡ, ಕಂಪನ, ಜಾರಿಕೆಗಳನ್ನು ಗ್ರಹಿಸುವ ಸುಮಾರು 17,000 ನರತುದಿಗಳಿವೆ. ಮಾರುಕಟ್ಟೆಯಲ್ಲಿರುವ ಯಾವ ಯಂತ್ರದ ಕೈಯೂ ಇದರ ಹತ್ತಿರಕ್ಕೆ ಬಂದಿಲ್ಲ. ಬಂದರೂ ಕೂಲಂಟ್ (ತಂಪುಗೊಳಿಸುವ ದ್ರವ), ಚಿಪ್ಸ್ ಮತ್ತು ಎಣ್ಣೆಯ ನಡುವೆ ದಿನಕ್ಕೆ ಮೂರು ಪಾಳಿ ತಡೆದುಕೊಳ್ಳಬೇಕು.

ಇನ್ನೊಂದು ವಿಷಯ. ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ ಆರು ಅಕ್ಷದ ಸಾಮಾನ್ಯ ರೋಬೋಟ್ ತೋಳು ಅದೇ ಜಾಗಕ್ಕೆ ಮತ್ತೆ ಮತ್ತೆ ಬರುವಾಗ ತಪ್ಪುವುದು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು ಮಾತ್ರ. ಎರಡು ಕಾಲಿನ ಮೇಲೆ ನಿಂತ ಯಂತ್ರ ಸಮತೋಲಕ್ಕಾಗಿ ಸದಾ ಸಣ್ಣಗೆ ತೂಗಾಡುತ್ತಿರುತ್ತದೆ, ಆ ತೂಗಾಟ ಭುಜ ದಾಟಿ ಬೆರಳ ತುದಿಗೆ ಬರುತ್ತದೆ. ಅದನ್ನು ಕ್ಯಾಮೆರಾದಿಂದ ಸರಿಪಡಿಸಿಕೊಳ್ಳಬಹುದು, ಆದರೆ ಸಮಯ ಹಿಡಿಯುತ್ತದೆ, ಮತ್ತು ಲೇತಿನ ಲೆಕ್ಕದಲ್ಲಿ ಬಾಗಿಲು ತೆರೆದಿರುವ ಪ್ರತಿ ಸೆಕೆಂಡೂ ನಷ್ಟವೇ.

ಹಾಗಾದರೆ ನಿಮಗೆ ಏನು ಬೇಕು? ಒಂದೇ ತೆರನ ಗುಂಡು ಸರಳಿನಿಂದ ಮಾಡುವ ಜಾಬ್‌ಗಳಿದ್ದರೆ ಸರಳನ್ನು ತಾನಾಗಿ ಲೇತಿಗೆ ಒದಗಿಸುವ ಬಾರ್ ಫೀಡರ್ ಸಾಕು. ಅದಕ್ಕೆ ಕೈಯೂ ಬೇಡ, ಕಾಲೂ ಬೇಡ. ಬಡಿದು (ಫೋರ್ಜಿಂಗ್) ಅಥವಾ ಎರಕ ಹೊಯ್ದು (ಕಾಸ್ಟಿಂಗ್) ಮಾಡಿದ ಜಾಬ್‌ಗಳಾದರೆ ಎರಡು ಲೇತ್‌ಗಳನ್ನು ಎದುರುಬದುರಾಗಿ ನಿಲ್ಲಿಸಿ ನಡುವೆ ಒಂದು ತೋಳು ಇಡಿ. ಬಾಗಿಲಿಗೆ ಸಿಲಿಂಡರ್, ಚಕ್ಕಿಗೆ ತಾನಾಗಿ ಗಾಳಿ ಹೊಡೆಯುವ ನಳಿಕೆ, ಜಾಬ್ ಸರಿಯಾಗಿ ಕೂತಿದೆಯೇ ಎಂದು ಗಾಳಿಯ ಒತ್ತಡದಿಂದ ತಿಳಿಸುವ ಸೆನ್ಸರ್ ಹಾಕಿಸಿ. ಈ ಕೊನೆಯ ಸೆನ್ಸರ್ ಹಳೆಯ ಕಾಲದ್ದು. ನಿಮ್ಮ ಆಪರೇಟರ್‌ನ ಹೆಬ್ಬೆರಳಿನ ಕೆಲಸವನ್ನು ಅದು ಎಷ್ಟೋ ವರ್ಷಗಳಿಂದ ಮಾಡುತ್ತಿದೆ. ಇಂಥದ್ದನ್ನು ಮಾಡಿಕೊಡುವವರು ಪೀಣ್ಯದಲ್ಲೇ ನಿಮ್ಮ ಹಿಂದಿನ ರಸ್ತೆಯಲ್ಲಿ ಇದ್ದರೂ ಇದ್ದಾರು. “ಏನನ್ನೂ ಬದಲಾಯಿಸದೆ” ಎಂಬ ಮಾತಿಗೆ ಮರುಳಾಗಬೇಡಿ. ಲೇತಿನಲ್ಲಿ ನಾಲ್ಕು ಬದಲಾವಣೆ ಮಾಡಿಸುವ ಖರ್ಚು ಕಡಿಮೆ. ಏನೂ ಬದಲಾಗದಂತೆ ನೋಡಿಕೊಳ್ಳುವ ಯಂತ್ರದ ಖರ್ಚೇ ಹೆಚ್ಚು.

ಆ ಪ್ರತಿನಿಧಿ ಮತ್ತೆ ಬಂದರೆ ಒಂದೇ ಮಾತು ಕೇಳಿ: ನಿಮ್ಮ ಲೇತಿನಲ್ಲಿ, ನಿಮ್ಮ ಜಾಬಿನೊಂದಿಗೆ, ರಿಮೋಟ್ ಹಿಡಿದ ಮನುಷ್ಯ ಹಿಂದೆ ನಿಲ್ಲದೆ, ಅದು ಒಂದು ಇಡೀ ಪಾಳಿ ಓಡುವುದನ್ನು ತೋರಿಸುವರೇ?

ಪ್ರಶ್ನೆ: ರುಬ್ಬುವ ಕಲ್ಲಿನ ಬದಲಿಗೆ ಗ್ರೈಂಡರ್ ಬಂದಾಗ ಅದಕ್ಕೆ ಯಾರೂ ಎರಡು ಕೈ ಅಂಟಿಸಲಿಲ್ಲ. ಈಗ ಮಾತ್ರ ಮನುಷ್ಯನ ಆಕಾರವೇ ಬೇಕೆಂಬ ಹಟವೇಕೆ? (ಬನಶಂಕರಿ, ನಿವೃತ್ತ ಶಿಕ್ಷಕಿ)

ಉತ್ತರ: ಮೇಡಂ, ನಿಮ್ಮ ಉದಾಹರಣೆ ನೀವು ಅಂದುಕೊಂಡದ್ದಕ್ಕಿಂತಲೂ ಚೆನ್ನಾಗಿದೆ. ಒರಳಿನಲ್ಲಿ ಕಲ್ಲು ನಿಂತಿರುತ್ತದೆ, ಗುಂಡು ತಿರುಗುತ್ತದೆ. ಹಳೆಯ ಮಾದರಿಯ ಗ್ರೈಂಡರಿನಲ್ಲಿ ಪಾತ್ರೆ ತಿರುಗುತ್ತದೆ, ಗುಂಡು ನಿಂತಿರುತ್ತದೆ. ಅದನ್ನು ಮಾಡಿದವನು ಕೈಯ ಚಲನೆಯನ್ನು ನಕಲು ಮಾಡಲಿಲ್ಲ, ಕೆಲಸವನ್ನೇ ತಲೆಕೆಳಗು ಮಾಡಿದ. ಕೈಗಾರಿಕಾ ರೋಬೋಟ್‌ಗಳ ಚರಿತ್ರೆಯೂ ಹಾಗೆಯೇ ಆರಂಭವಾಯಿತು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯೂನಿಮೇಟ್ ಎಂಬ ಮೊದಲ ರೋಬೋಟಿಗೆ ಇದ್ದದ್ದು ಒಂದು ಡಬ್ಬಿಯಂಥ ಬುಡ ಮತ್ತು ಒಂದು ತೋಳು. ಅಚ್ಚಿನಿಂದ ಹೊರಬರುವ ಕಾದ ಲೋಹದ ತುಂಡುಗಳನ್ನು ಹಿಡಿದು ಎತ್ತಿಡುವುದು ಅದರ ಕೆಲಸ.

ಆದರೂ ಮನುಷ್ಯಾಕಾರದ ಪರವಾಗಿ ಒಂದು ಗಟ್ಟಿಯಾದ ವಾದವಿದೆ, ಅದನ್ನು ತಳ್ಳಿಹಾಕಲಾಗದು. ಮೆಟ್ಟಿಲಿನ ಎತ್ತರ, ಬಾಗಿಲಿನ ಹಿಡಿ, ವಾಲ್ವಿನ ಚಕ್ರ, ಏಣಿಯ ಮೆಟ್ಟು, ಇಬ್ಬರು ಹಾಯುವಷ್ಟೇ ಅಗಲದ ಓಣಿ, ಇವೆಲ್ಲವೂ ನಮ್ಮ ಅಳತೆಗೆ ಕಟ್ಟಿದವು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ನಡೆದಾಗ, ಮನುಷ್ಯರು ಹೋಗಲಾಗದ ಆದರೆ ಮನುಷ್ಯರಿಗಾಗಿಯೇ ಕಟ್ಟಿದ ಜಾಗದಲ್ಲಿ ಕೆಲಸ ಮಾಡಬಲ್ಲ ಯಂತ್ರವಿಲ್ಲ ಎಂಬುದು ಎಲ್ಲರಿಗೂ ಅರಿವಾಯಿತು. ಅದೇ ಕಾರಣಕ್ಕೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ನಡೆಸಿತು. ಅದರ ಅಂತಿಮ ಸುತ್ತು 2015ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಆಯಿತು. ವಾಹನ ಓಡಿಸು, ಇಳಿ, ಬಾಗಿಲು ತೆರೆ, ವಾಲ್ವ್ ತಿರುಗಿಸು, ಗೋಡೆ ಕೊರೆ, ಮೆಟ್ಟಿಲು ಹತ್ತು ಎಂಬಂಥ ಕೆಲಸಗಳು. ಒಂದರ ಹಿಂದೆ ಒಂದು ಯಂತ್ರ ಬಾಗಿಲ ಮುಂದೆ ಮಗುಚಿ ಬಿದ್ದ ದೃಶ್ಯಗಳು ಆಗ ಜಗತ್ತಿಗೆಲ್ಲ ಹರಡಿ ನಗು ತರಿಸಿದವು. 20 ಲಕ್ಷ ಡಾಲರ್ ಬಹುಮಾನ ಗೆದ್ದದ್ದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಹ್ಯೂಬೊ. ಅದು ಗೆದ್ದ ಗುಟ್ಟನ್ನು ನೀವು ಮೆಚ್ಚುವಿರಿ: ಅದರ ಮೊಣಕಾಲಿನಲ್ಲಿ ಚಕ್ರಗಳಿದ್ದವು. ಮೆಟ್ಟಿಲು ಬಂದಾಗ ಎದ್ದು ನಡೆಯುವುದು, ಸಪಾಟು ನೆಲ ಬಂದಾಗ ಮಂಡಿಯೂರಿ ಉರುಳಿಕೊಂಡು ಹೋಗುವುದು.

ನನ್ನ ಅಭಿಪ್ರಾಯವೂ ಆ ಮೊಣಕಾಲಿನಷ್ಟೇ. ಮೆಟ್ಟಿಲಿರುವಲ್ಲಿ ಕಾಲಿರಲಿ. ಕಾರ್ಖಾನೆಯ ನೆಲವನ್ನು ನಾವೇ ಸಪಾಟಾಗಿ ಹಾಸಿರುವಾಗ ಕಾಲಿನ ಹಟ ಹೂಡಿಕೆದಾರರದ್ದು, ಕೆಲಸದ್ದಲ್ಲ.

ಪ್ರಶ್ನೆ: ವಿಡಿಯೊಗಳಲ್ಲಿ ಇವು ಲಾಗ ಹಾಕುತ್ತವೆ, ಕುಣಿಯುತ್ತವೆ. ಅಂಥವಕ್ಕೆ ಒಂದು ಸ್ಕ್ರೂ ಎತ್ತಿಕೊಳ್ಳಲು ಬರುವುದಿಲ್ಲವೆಂದರೆ ನಂಬುವುದು ಹೇಗೆ? (ವಿಜಯನಗರ)

ಉತ್ತರ: ಲಾಗ ಹಾಕುವಾಗ ಯಂತ್ರಕ್ಕೆ ಗೊತ್ತಿರಬೇಕಾದದ್ದು ತನ್ನ ಮೈ ಮತ್ತು ನೆಲ, ಎರಡೇ. ತನ್ನ ತೂಕ, ತನ್ನ ಕೀಲುಗಳು, ತನ್ನ ಮೋಟಾರುಗಳ ಬಲ ಅದಕ್ಕೆ ಕರಾರುವಾಕ್ಕಾಗಿ ತಿಳಿದಿರುತ್ತವೆ. ಡಬ್ಬಿಯಲ್ಲಿ ರಾಶಿ ಬಿದ್ದ ಸ್ಕ್ರೂಗಳಲ್ಲಿ ಒಂದನ್ನು ಎತ್ತುವಾಗ ಹೊರಗಿನ ಜಗತ್ತು ಗೊತ್ತಿರಬೇಕು: ಯಾವುದು ಯಾವುದರ ಮೇಲಿದೆ, ಯಾವುದು ಜಾರುತ್ತದೆ, ಬೆರಳು ಮುಟ್ಟಿದಾಗ ಏನೇನು ಕದಲುತ್ತದೆ. ದೊಡ್ಡವರಿಗೆ ಕಷ್ಟವೆನಿಸುವ ಲೆಕ್ಕ, ಚದುರಂಗ ಕಂಪ್ಯೂಟರಿಗೆ ಸುಲಭ, ವರ್ಷದ ಮಗುವಿಗೆ ಸುಲಭವಾದದ್ದು ಅದಕ್ಕೆ ಕಷ್ಟ ಎಂದು ಹಾನ್ಸ್ ಮೊರಾವೆಕ್ ಎಂಬ ರೋಬೋಟ್ ತಜ್ಞ 1980ರ ದಶಕದಲ್ಲೇ ಹೇಳಿದ್ದ. ಚದುರಂಗದ ಜಾಗದಲ್ಲಿ ಈಗ ಲಾಗವನ್ನೂ ಸೇರಿಸಿಕೊಳ್ಳಬಹುದು.

ಇನ್ನು ಮುಂದೆ ಇಂಥ ವಿಡಿಯೊ ನೋಡುವಾಗ ಮೂಲೆಯಲ್ಲಿ ವೇಗದ ಅಂಕಿ ಇದೆಯೇ ನೋಡಿ. ನಾಲ್ಕು ಪಟ್ಟು ವೇಗದಲ್ಲಿ ಓಡಿಸಿದ ಚಿತ್ರವನ್ನು ನಾವು ಚುರುಕುತನವೆಂದು ತಪ್ಪು ತಿಳಿಯುವುದುಂಟು.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ವೈರ್ ಹಾರ್ನೆಸ್ (ವೈರುಗಳ ಕಟ್ಟು) ಜೋಡಿಸುತ್ತೇನೆ. ನಮ್ಮ ಮನೆಯವರು ಉಗ್ರಾಣದಲ್ಲಿ ಗುತ್ತಿಗೆಯ ಮೇಲೆ ಕ್ರೇಟ್ ಸಾಗಿಸುತ್ತಾರೆ. ಇಬ್ಬರಲ್ಲಿ ಯಾರ ಕೆಲಸ ಮೊದಲು ಹೋಗುತ್ತದೆ? ಸಮಾಧಾನ ಹೇಳಬೇಡಿ, ನಿಜ ಹೇಳಿ. (ಜಿಗಣಿ)

ಉತ್ತರ: ನಿಜ ಹೇಳುವುದಾದರೆ ತಾಯಿ, ನಿಮ್ಮ ಮನೆಯವರದ್ದು ಮೊದಲು.

ವೈರ್ ಎಂಬುದು ರೋಬೋಟಿಗೆ ಹಾವಿದ್ದ ಹಾಗೆ. ಹಿಡಿದಲ್ಲಿ ಬಾಗುತ್ತದೆ, ಪ್ರತಿ ಸಲವೂ ಬೇರೆ ರೀತಿ ಬಾಗುತ್ತದೆ, ಕನೆಕ್ಟರಿನೊಳಗೆ ಟರ್ಮಿನಲ್ ಕೂತಾಗ ಬರುವ ‘ಟಿಕ್’ ಎಂಬ ಸಣ್ಣ ಅನುಭವವನ್ನು ನೀವು ಬೆರಳಿನಿಂದಲೇ ಕೇಳುತ್ತೀರಿ. ಬಟ್ಟೆ, ಹಗ್ಗ, ವೈರುಗಳಂಥ ಬಾಗುವ ವಸ್ತುಗಳು ಸಂಶೋಧನಾಲಯಗಳಲ್ಲಿ ಇವತ್ತಿಗೂ ಬಿಡಿಸಲಾಗದ ಸಮಸ್ಯೆಗಳ ಸಾಲಿನಲ್ಲಿವೆ.

ಕ್ರೇಟು ಹಾಗಲ್ಲ. ಅದರ ಆಕಾರ ಒಂದೇ, ಹಿಡಿ ಒಂದೇ ಕಡೆ, ತೂಕಕ್ಕೆ ಮಿತಿಯಿದೆ. ಅಮೆರಿಕದ ಅಜಿಲಿಟಿ ರೋಬೋಟಿಕ್ಸ್ ಕಂಪನಿಯ ಡಿಜಿಟ್ ಎಂಬ ಎರಡು ಕಾಲಿನ ಯಂತ್ರ 2024ರಿಂದ ಜಾರ್ಜಿಯಾ ರಾಜ್ಯದ ಒಂದು ಉಗ್ರಾಣದಲ್ಲಿ ಕೂಲಿ ಲೆಕ್ಕದಲ್ಲಿ ಮಾಡುತ್ತಿರುವುದು ಇದೇ ಕೆಲಸ: ಪ್ಲಾಸ್ಟಿಕ್ ಕ್ರೇಟನ್ನು ಗಾಡಿಯಿಂದೆತ್ತಿ ಕನ್ವೇಯರ್ ಮೇಲೆ ಇಡುವುದು. ಅದು ಎತ್ತುವುದು ಸುಮಾರು 16 ಕೆಜಿ. ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ಫಿಗರ್ ಕಂಪನಿಯ ಯಂತ್ರ ಲೋಹದ ಹಾಳೆಯ ಬಿಡಿಭಾಗಗಳನ್ನು ಫಿಕ್ಸ್ಚರಿನಲ್ಲಿ (ಹಿಡಿದಿಡುವ ಚೌಕಟ್ಟು) ಇಡುವ ಪ್ರಯೋಗವೂ ಅದೇ ವರ್ಷ ನಡೆಯಿತು. ಎರಡನ್ನೂ ಎತ್ತು, ತಿರುಗು, ಇಡು ಎಂಬ ಮೂರು ಮಾತಿನಲ್ಲಿ ಹೇಳಿ ಮುಗಿಸಬಹುದು.

ಹಾಗೆಂದು ನಾಳೆಯೇ ಜಿಗಣಿಗೆ ಬರುವುದಿಲ್ಲ. ಇಡೀ ಭಾರತದಲ್ಲಿ 2023ರಲ್ಲಿ ಹೊಸದಾಗಿ ಅಳವಡಿಸಿದ ಎಲ್ಲ ಬಗೆಯ ಕೈಗಾರಿಕಾ ರೋಬೋಟ್‌ಗಳ ಸಂಖ್ಯೆ, ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದ ಪ್ರಕಾರ, 8,510. ನಮ್ಮ ದೇಶದ ಮಟ್ಟಿಗೆ ಅದು ಆಗ ದಾಖಲೆಯಾಗಿತ್ತು. ಆ ವರ್ಷ ಜಗತ್ತಿನಲ್ಲಿ ಒಟ್ಟು ಅಳವಡಿಸಿದ್ದು 5.4 ಲಕ್ಷಕ್ಕೂ ಹೆಚ್ಚು. ಇಲ್ಲಿ ಗುತ್ತಿಗೆ ಕಾರ್ಮಿಕನ ದಿನಗೂಲಿ ಕಡಿಮೆಯಿರುವುದೇ ಅವನ ಕೆಲಸಕ್ಕೆ ಕಾವಲಾಗಿದೆ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಲೆಕ್ಕ ಹಾಗೇ ಇದೆ. ನಿಮ್ಮ ಮನೆಯವರಿಗೆ ಫೋರ್ಕ್‌ಲಿಫ್ಟ್ ಲೈಸೆನ್ಸ್ ಮಾಡಿಸಿಕೊಳ್ಳಲು ಅಥವಾ ಉಗ್ರಾಣದ ಸ್ಟಾಕ್ ಲೆಕ್ಕ ಕಲಿಯಲು ಈಗಲೇ ಹೇಳಿ. ರೋಬೋಟ್ ಬರುವುದಕ್ಕೆ ಮೊದಲು ಚಕ್ರದ ಗಾಡಿಗಳು ಖಂಡಿತ ಬರುತ್ತವೆ.

ಇನ್ನೊಂದು ವಿಚಿತ್ರ ಸಂಗತಿಯನ್ನೂ ಹೇಳಬೇಕು. ಈ ಯಂತ್ರಗಳಿಗೆ ಕೈಕೆಲಸ ಕಲಿಸಲು ಮನುಷ್ಯರೇ ಮೈಗೆ ಸೆನ್ಸರ್ ಉಡುಪು ತೊಟ್ಟು ಅದೇ ಕೆಲಸವನ್ನು ಸಾವಿರಾರು ಸಲ ಮಾಡಿ ತೋರಿಸಬೇಕಾಗುತ್ತದೆ. ಟೆಸ್ಲಾ ಕಂಪನಿ 2024ರಲ್ಲಿ ಇಂಥ ಕೆಲಸಕ್ಕೆ ಜನ ಬೇಕೆಂದು ಪ್ರಕಟಣೆ ಕೊಟ್ಟಾಗ ಅಭ್ಯರ್ಥಿಯ ಎತ್ತರ 5 ಅಡಿ 7 ಅಂಗುಲದಿಂದ 5 ಅಡಿ 11 ಅಂಗುಲದೊಳಗೆ ಇರಬೇಕೆಂದು ಕೇಳಿತ್ತು, ಪ್ರಾಯಶಃ ರೋಬೋಟಿನ ಅಳತೆಗೆ ಹೊಂದಲೆಂದು. ನಿಮ್ಮ ಕಂಪನಿಯಲ್ಲಿ ಯಾರಾದರೂ ನಿಮ್ಮ ಕೈಗೆ ಕ್ಯಾಮೆರಾ ಕಟ್ಟಲು ಬಂದರೆ ಅದು ಯಾವುದಕ್ಕೆ, ಅದಕ್ಕೆ ಪ್ರತ್ಯೇಕ ಹಣವೆಷ್ಟು ಎಂದು ಕೇಳಿ. ನಿಮ್ಮ ಬೆರಳಿನ ಕಸುಬು ಬಿಟ್ಟಿ ಕೊಡುವಂಥದ್ದಲ್ಲ.

ಪ್ರಶ್ನೆ: ನಾನು ಕಾರ್ಖಾನೆಯೊಂದರ ಸುರಕ್ಷತಾ ಮೇಲ್ವಿಚಾರಕ. ಯಾವ ಯಂತ್ರವಾದರೂ ಕೆಂಪು ಗುಂಡಿ ಒತ್ತಿದರೆ ನಿಲ್ಲಬೇಕು ಎಂದು ಎಲ್ಲರಿಗೂ ಪಾಠ ಹೇಳುತ್ತೇನೆ. ಹ್ಯೂಮನಾಯ್ಡ್‌ಗೂ ಅದೇ ಪಾಠ ಸಾಕೇ? (ಬೊಮ್ಮಸಂದ್ರ)

ಉತ್ತರ: ಸಾಲದು, ಮತ್ತು ಯಂತ್ರ ಕೊಳ್ಳುವವರು ಯಾರೂ ಕೇಳದ ಈ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಬೋಲ್ಟ್ ಹಾಕಿದ ತೋಳಿನ ವಿದ್ಯುತ್ ಕಡಿದರೆ ಬ್ರೇಕ್ ಬಿದ್ದು ತೋಳು ಇದ್ದಲ್ಲೇ ನಿಲ್ಲುತ್ತದೆ. ಎರಡು ಕಾಲಿನ ಯಂತ್ರ ನಿಂತಿರುವುದೇ ವಿದ್ಯುತ್ತಿನ ಬಲದಿಂದ. ಅದರ ಮೋಟಾರುಗಳು ಸೆಕೆಂಡಿಗೆ ನೂರಾರು ಸಲ ಸಮತೋಲ ತಿದ್ದಿಕೊಳ್ಳುತ್ತಿರುತ್ತವೆ. ಕೆಂಪು ಗುಂಡಿ ಒತ್ತಿದರೆ ಅದು ನಿಲ್ಲುವುದಿಲ್ಲ, ಬೀಳುತ್ತದೆ. ಎತ್ತಿಕೊಂಡ ಕ್ರೇಟಿನ ಸಮೇತ, ಗುಂಡಿ ಒತ್ತಿದವನ ಕಡೆಗೇ ಬಿದ್ದರೂ ಬಿದ್ದೀತು.

ಕೈಗಾರಿಕಾ ರೋಬೋಟ್‌ಗಳ ಸುರಕ್ಷತೆಗೆ ಐಎಸ್‌ಒ 10218 ಎಂಬ ಮಾನದಂಡವಿದ್ದು 2025ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಆದರೆ ನಿಂತಿರಲು ಸದಾ ಸಮತೋಲ ಕಾಯ್ದುಕೊಳ್ಳಲೇಬೇಕಾದ ಯಂತ್ರಗಳದ್ದು ಬೇರೆಯೇ ವರ್ಗವೆಂದು ಒಪ್ಪಿಕೊಂಡು, ಅವುಗಳಿಗೆ ಪ್ರತ್ಯೇಕ ಮಾನದಂಡ ರೂಪಿಸುವ ಕೆಲಸವನ್ನು ಐಎಸ್‌ಒ ಕೈಗೆತ್ತಿಕೊಂಡಿದೆ. ಮೇಲೆ ಹೇಳಿದ ಡಿಜಿಟ್ ಯಂತ್ರವನ್ನು ಜನರಿಂದ ಬೇರ್ಪಡಿಸಿದ ಆವರಣದಲ್ಲಿ ದುಡಿಸಿದ್ದು ಈ ಕಾರಣಕ್ಕೇ. ‘ಮನುಷ್ಯರ ಪಕ್ಕದಲ್ಲೇ ದುಡಿಯುವ ಯಂತ್ರ’ ಎಂದು ಜಾಹೀರಾತು ಹೇಳುತ್ತದೆ; ಬೇಲಿ ಬೇರೆಯದನ್ನು ಹೇಳುತ್ತದೆ.

ನಾನು ಹಿಂದೆ ನಿರ್ವಹಣಾ ವಿಭಾಗದಲ್ಲಿ ದುಡಿಯುತ್ತಿದ್ದ ಕಾರ್ಖಾನೆಯೊಂದರಲ್ಲಿ, ಪ್ರೆಸ್ಸಿನ ಕಾವಲು ಬಾಗಿಲಿನ ಲಿಮಿಟ್ ಸ್ವಿಚ್ಚನ್ನು ಯಾರೋ ಬೈಂಡಿಂಗ್ ವೈರಿನಿಂದ ಒತ್ತಿ ಕಟ್ಟಿಬಿಟ್ಟಿದ್ದರು. ಬಾಗಿಲು ತೆರೆದೇ ಇದ್ದರೂ ಮುಚ್ಚಿದೆ ಎಂದು ಯಂತ್ರ ನಂಬಿತ್ತು. ಪ್ರತಿ ಸಲ ಬಾಗಿಲು ಹಾಕುವುದು ಬೇಸರವೆಂದು ಮಾಡಿದ ಕೆಲಸ ಅದು. ಅಪಘಾತವಾಗುವ ಮುನ್ನ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಆ ವೈರಿನ ಸುರುಳಿಯನ್ನು ಇವತ್ತಿಗೂ ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದೇನೆ. ನಿಮ್ಮ ಕಾರ್ಖಾನೆಗೆ ಹ್ಯೂಮನಾಯ್ಡ್ ಬಂದರೆ, ಅದರ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ ನೆಲದ ಮೇಲೆ ಹಳದಿ ಗೆರೆ ಎಳೆಯಿರಿ, ಬಿದ್ದರೆ ಯಾರು, ಯಾವ ಸಲಕರಣೆಯಿಂದ ಎತ್ತಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸಿರಿ, ಬ್ಯಾಟರಿಗೆ ಬೆಂಕಿ ಬಿದ್ದರೆ ಅನುಸರಿಸಬೇಕಾದ ಕ್ರಮವನ್ನು ಅಗ್ನಿಶಾಮಕದವರನ್ನು ಕೇಳಿಯೇ ನಿರ್ಧರಿಸಿರಿ.

ಪ್ರಶ್ನೆ: ಇವುಗಳಿಗೆ ಕರೆಂಟ್ ಎಷ್ಟು ಬೇಕು? (ಮಲ್ಲೇಶ್ವರ)

ಉತ್ತರ: ಮಾದರಿಯಿಂದ ಮಾದರಿಗೆ ಬೇರೆ. ಹೆಚ್ಚಿನವು ಒಮ್ಮೆ ಚಾರ್ಜ್ ಮಾಡಿದರೆ 2ರಿಂದ 4 ಗಂಟೆ ಓಡುತ್ತವೆ. ಎಂಟು ಗಂಟೆಯ ಪಾಳಿಗೆ ಅದು ಅರೆಹೊಟ್ಟೆಯೇ. ಚೀನಾದ ಯುಬಿಟೆಕ್ ಕಂಪನಿ ತನ್ನ ಬ್ಯಾಟರಿಯನ್ನು ತಾನೇ ಬದಲಾಯಿಸಿಕೊಳ್ಳುವ ಮಾದರಿಯೊಂದನ್ನು 2025ರಲ್ಲಿ ತೋರಿಸಿತು.

ಇದರಲ್ಲಿ ಸ್ವಾರಸ್ಯವಿರುವುದು ಬೇರೆ ಕಡೆ. ಇಳಿಜಾರಿನ ಹಲಗೆಯ ಮೇಲೆ ತಾನಾಗಿ ಟಪಟಪನೆ ನಡೆದು ಇಳಿಯುವ ಮರದ ಆಟಿಕೆಯನ್ನು ನೋಡಿರುವಿರಾ? ಅದಕ್ಕೆ ಮೋಟಾರೂ ಇಲ್ಲ, ಮಿದುಳೂ ಇಲ್ಲ, ತೂಗಾಟವೇ ನಡಿಗೆಯಾಗುತ್ತದೆ. ಇದರ ಗಣಿತವನ್ನು ಟ್ಯಾಡ್ ಮೆಕ್‌ಗೀರ್ ಎಂಬ ಇಂಜಿನಿಯರ್ 1990ರಲ್ಲಿ ಬಿಡಿಸಿ ತೋರಿಸಿದ. ಅದನ್ನು ಆಧರಿಸಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕಟ್ಟಿದ ಎರಡು ಕಾಲಿನ ಯಂತ್ರ, ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ, ಅಷ್ಟೇ ದೂರ ನಡೆಯಲು ಮನುಷ್ಯನಷ್ಟೇ ಕಡಿಮೆ ಶಕ್ತಿ ಬಳಸಿತು. ಹೋಂಡಾ ಕಂಪನಿಯ ಹೆಸರಾಂತ ಹ್ಯೂಮನಾಯ್ಡ್ ಆಸಿಮೊ ಅದೇ ಲೆಕ್ಕದಲ್ಲಿ ಸುಮಾರು 16 ಪಟ್ಟು ಹೆಚ್ಚು ನುಂಗುತ್ತಿತ್ತು ಎಂದು 2005ರಲ್ಲಿ ಅಂದಾಜು ಮಾಡಿದರು. ಆಸಿಮೊ ಸದಾ ಮಂಡಿ ಬಾಗಿಸಿಯೇ ನಡೆಯುತ್ತಿದ್ದದ್ದು ಅದಕ್ಕೆ ಒಂದು ಕಾರಣ. ನೀವೂ ಅಡುಗೆಮನೆಯಿಂದ ಗೇಟಿನವರೆಗೆ ಮಂಡಿ ಬಾಗಿಸಿಕೊಂಡು ನಡೆದು ನೋಡಿ, ತೊಡೆಯೇ ಉತ್ತರ ಹೇಳುತ್ತದೆ.

ಪ್ರಶ್ನೆ: ಇಸ್ರೊದ ವ್ಯೋಮಮಿತ್ರ ನಡೆಯುತ್ತಾಳಾ? (ಯಲಹಂಕ, ಆರನೇ ತರಗತಿ)

ಉತ್ತರ: ಇಲ್ಲ ಪುಟ್ಟಾ, ಅವಳಿಗೆ ಕಾಲೇ ಇಲ್ಲ. 2020ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅವಳನ್ನು ಮೊದಲು ತೋರಿಸಿದಾಗ ಸೊಂಟದಿಂದ ಮೇಲಿನ ಭಾಗ ಮಾತ್ರ ಇತ್ತು. ಗಗನಯಾನದ ನೌಕೆಯಲ್ಲಿ ಅವಳು ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಮನುಷ್ಯರು ಹೋಗುವುದಕ್ಕೆ ಮೊದಲು ಹೋಗಿ, ಒಳಗಿನ ಸ್ಥಿತಿ ಗಮನಿಸಿ, ಸ್ವಿಚ್ ಒತ್ತಿ, ಭೂಮಿಯವರೊಡನೆ ಮಾತಾಡುವುದು ಅವಳ ಕೆಲಸ. ತೂಕವೇ ಇಲ್ಲದ ಕಡೆ ಕಾಲನ್ನು ಹೊತ್ತುಕೊಂಡು ಹೋಗಿ ಏನು ಮಾಡುವುದು, ಹೇಳು?

ಪ್ರಶ್ನೆ: ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹ್ಯೂಮನಾಯ್ಡ್ ಸಂಶೋಧನೆಗೆ ಹೋಗುವ ಆಸೆ. ಎಐ ಕಲಿತರೆ ಸಾಕು, ನಿನ್ನ ಬ್ರಾಂಚ್ ವ್ಯರ್ಥವಾಯಿತು ಎಂದು ಗೆಳೆಯರು ಹೇಳುತ್ತಾರೆ. ನಮ್ಮ ಕಾಲೇಜಿನವರು ಒಂದು ಸಣ್ಣ ಹ್ಯೂಮನಾಯ್ಡ್ ಕೊಳ್ಳುವ ಯೋಚನೆಯಲ್ಲೂ ಇದ್ದಾರೆ. (ಬಸವನಗುಡಿ)

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ಹುರುಳಿದೆ. ಎರಡು ಕಾಲಿನ ನಡಿಗೆಯ ಹಳೆಯ ದಾರಿ ಗಣಿತದ್ದು. ಪಾದದ ಅಡಿಯಲ್ಲಿ ಒತ್ತಡವೆಲ್ಲ ಕೂಡಿ ಬರುವ ಒಂದು ಬಿಂದುವಿದೆ, ಅದು ಪಾದದ ಅಂಚಿನೊಳಗೆ ಇರುವವರೆಗೆ ಯಂತ್ರ ಮಗುಚುವುದಿಲ್ಲ ಎಂಬ ತತ್ವವನ್ನು ಯುಗೊಸ್ಲಾವಿಯಾದ ಮಿಯೊಮಿರ್ ವುಕೊಬ್ರಟೊವಿಚ್ 1960ರ ದಶಕದ ಕೊನೆಯಲ್ಲಿ ಮುಂದಿಟ್ಟರು. 1973ರಲ್ಲಿ ಟೋಕಿಯೊದ ವಸೇಡ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ ಕಟ್ಟಿದ ವಾಬೊಟ್-1ರಿಂದ ಹಿಡಿದು ಹೋಂಡಾ 1996ರಲ್ಲಿ ಹೊರತಂದ 210 ಕೆಜಿ ತೂಕದ ಪಿ2ವರೆಗಿನ ಕಥೆ ಈ ಹಳೆಯ ದಾರಿಯದ್ದೇ.

ಈಗಿನ ದಾರಿ ಕಲಿಕೆಯದ್ದು. ಕಂಪ್ಯೂಟರಿನೊಳಗೆ ಸಾವಿರಾರು ನಕಲಿ ರೋಬೋಟ್‌ಗಳನ್ನು ಏಕಕಾಲಕ್ಕೆ ನಡೆಸಿ, ಬೀಳಿಸಿ, ಬೀಳದೆ ಮುಂದೆ ಹೋದದ್ದಕ್ಕೆ ಅಂಕ ಕೊಟ್ಟು, ನಡಿಗೆಯನ್ನು ತಾನಾಗಿ ಮೂಡಿಸುತ್ತಾರೆ. ಇಲ್ಲಿ ಒಂದು ಉಪಾಯವಿದೆ. ನಕಲಿ ಲೋಕದ ನೆಲ ನಿಜವಾದ ನೆಲದಂತೆ ಇರಲು ಸಾಧ್ಯವಿಲ್ಲ. ಆದ್ದರಿಂದ ಪ್ರತಿ ಸಲವೂ ಬೇಕೆಂದೇ ನೆಲದ ಜಾರಿಕೆಯನ್ನು, ಯಂತ್ರದ ತೂಕವನ್ನು, ಮೋಟಾರಿನ ಬಲವನ್ನು ಒಂದಿಷ್ಟು ಏರುಪೇರು ಮಾಡುತ್ತಾರೆ, ಆಗಾಗ ಬದಿಯಿಂದ ನೂಕುತ್ತಾರೆ. ಇಷ್ಟು ಬಗೆಯ ಸುಳ್ಳು ಲೋಕಗಳಲ್ಲಿ ನಿಲ್ಲಲು ಕಲಿತದ್ದಕ್ಕೆ ನಿಜವಾದ ಲೋಕವೂ ಅಂಥದ್ದೇ ಇನ್ನೊಂದಾಗಿ ಕಾಣುತ್ತದೆ. ಇದಕ್ಕೆ ಬೇಕಾದ ಮುಜೊಕೊದಂಥ ತಂತ್ರಾಂಶ 2022ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಇವತ್ತು ರಾತ್ರಿ ಶುರುಮಾಡಬಹುದು.

ಇನ್ನುಳಿದ ಅರ್ಧ ನಿಮ್ಮ ಬ್ರಾಂಚಿನದ್ದು. ನಾನೊಮ್ಮೆ ನಗರದ ಪ್ರಯೋಗಾಲಯವೊಂದಕ್ಕೆ ಹೋಗಿದ್ದಾಗ, ಚೌಕಟ್ಟಿನಿಂದ ಹಗ್ಗದಲ್ಲಿ ಇಳಿಬಿಟ್ಟ ಯಂತ್ರವೊಂದು ಗೊಂಬೆಯಾಟದ ಗೊಂಬೆಯಂತೆ ನಿಂತಿತ್ತು. ಮೊದಲ ಹತ್ತು ಹೆಜ್ಜೆ ಚೆನ್ನಾಗಿ ಇಟ್ಟಿತು. ಆಮೇಲೆ ಬಲಗಾಲು ಎಳೆಯತೊಡಗಿತು. ವಿದ್ಯಾರ್ಥಿಗಳಿಬ್ಬರು ಕಂಪ್ಯೂಟರಿನ ಮುಂದೆ ಕುಳಿತು ಪ್ರೋಗ್ರಾಂ ತಡಕುತ್ತಿದ್ದರೆ, ಮೂಲೆಯಲ್ಲಿದ್ದ ತಂತ್ರಜ್ಞ ಎದ್ದು ಬಂದು, ಅಂಗೈಯನ್ನು ಅದರ ಮೊಣಕಾಲಿನ ಮೇಲಿಟ್ಟು, “ಬಿಸಿಯಾಗಿದೆ, ಗೇರ್‌ಬಾಕ್ಸ್ ಹಿಡಿದುಕೊಳ್ಳುತ್ತಿದೆ” ಎಂದರು. ಬಿಚ್ಚಿ ನೋಡಿದಾಗ ಬೇರಿಂಗ್ ಓರೆಯಾಗಿ ಕೂತಿತ್ತು. ಪೀಣ್ಯದ ಆಪರೇಟರ್ ಹೇಳುವ “ಕೂತಿಲ್ಲ ಸರ್” ಇಲ್ಲಿಯೂ ಬಂತು ನೋಡಿ. ಗೇರ್, ಬೇರಿಂಗ್, ಶಾಖ, ಸವೆತ ಇವು ಯಾವ ಎಐಯಿಂದಲೂ ಮಾಯವಾಗುವುದಿಲ್ಲ. ಈ ಯಂತ್ರಗಳ ಬೆಲೆಯ ದೊಡ್ಡ ಪಾಲು ಕೀಲುಗಳಲ್ಲೇ ಇದೆ, ಮತ್ತು ಎಚ್‌ಎಂಟಿಯ ಕಾಲದಿಂದ ಯಂತ್ರ ಮಾಡುವ ಯಂತ್ರಗಳನ್ನು ಕಟ್ಟಿದ ಈ ಊರಿಗೆ ಅದು ಅಪರಿಚಿತ ವಿದ್ಯೆಯೇನಲ್ಲ. ಹ್ಯೂಮನಾಯ್ಡ್ ಕಟ್ಟುವುದರಲ್ಲಿ ನಮಗೆ ನಿಜವಾದ ಅವಕಾಶ ಇರುವುದು ಅದರ ಮುಖದಲ್ಲಿ ಅಲ್ಲ, ಮೊಣಕಾಲಿನಲ್ಲಿ ಎಂಬುದು ನನ್ನ ನಂಬಿಕೆ.

ಇಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಬೋಟಿಕ್ಸ್‌ನಲ್ಲಿ ಎಂ.ಟೆಕ್ ಮಾಡಬಹುದು; ಸ್ಟಾಕ್ ಎಂಬ ನಾಲ್ಕು ಕಾಲಿನ ರೋಬೋಟನ್ನು ಕಟ್ಟಿ ನಡೆಸಿದವರೂ ಅವರೇ. ಅದೇ ಆವರಣದಲ್ಲಿ ಎಐ ಮತ್ತು ರೋಬೋಟಿಕ್ಸ್ ತಂತ್ರಜ್ಞಾನದ ಕೇಂದ್ರವಾದ ಆರ್ಟ್‌ಪಾರ್ಕ್ ಇದೆ. ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ 1986ರಿಂದ ಬೆಂಗಳೂರಿನಲ್ಲಿದೆ. ಆದರೆ ರಜೆಯಲ್ಲಿ ಒಂದು ತಿಂಗಳು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಲೇತ್ ಮುಂದೆ ನಿಲ್ಲಲು ಅವಕಾಶ ಸಿಕ್ಕರೆ ಅದನ್ನೂ ಬಿಡಬೇಡಿ.

ಕಾಲೇಜಿನ ಖರೀದಿಗೆ ಒಂದು ಎಚ್ಚರಿಕೆ. ಚೀನಾದ ಯೂನಿಟ್ರೀ ಕಂಪನಿಯ ಜಿ1, ಸುಮಾರು 35 ಕೆಜಿ ತೂಕದ, ನಾಲ್ಕೂಕಾಲು ಅಡಿ ಎತ್ತರದ ಯಂತ್ರ, 2024ರಲ್ಲಿ 16,000 ಡಾಲರ್ ಆರಂಭಿಕ ಬೆಲೆಗೆ ಬಂದಾಗ ಸಂಶೋಧಕರೆಲ್ಲ ಹುಬ್ಬೇರಿಸಿದರು. ಆದರೆ ಆ ಆರಂಭಿಕ ಬೆಲೆಯ ಮಾದರಿಗೆ ನಾವೇ ಪ್ರೋಗ್ರಾಂ ಬರೆಯುವ ಅವಕಾಶವಿರಲಿಲ್ಲ; ಅದಕ್ಕೆ ಬೇರೆ, ದುಬಾರಿ ಮಾದರಿ ಕೊಳ್ಳಬೇಕು. ಬಾಗಿಲಲ್ಲಿ ನಿಂತು ಅತಿಥಿಗಳಿಗೆ ಕೈಮುಗಿಯುವ ಯಂತ್ರ ಬೇಕೋ, ಬಿಚ್ಚಿ ಕಲಿಯುವ ಯಂತ್ರ ಬೇಕೋ ಎಂದು ನಿಮ್ಮ ವಿಭಾಗದ ಮುಖ್ಯಸ್ಥರನ್ನು ವಿನಯದಿಂದ ಕೇಳಿ. ಎರಡನೆಯದಾದರೆ, ಅದೇ ಹಣದಲ್ಲಿ ಒಂದು ಒಂಟಿ ಕಾಲನ್ನು ನೀವೇ ಕಟ್ಟಿದರೂ ಆಗುತ್ತದೆ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನಲ್ಲಿ ಆಯುಧಪೂಜೆಗೆ ಎಲ್ಲ ಯಂತ್ರಗಳಿಗೂ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತೇವೆ. ನಾಳೆ ರೋಬೋಟ್ ಬಂದರೆ ಅದಕ್ಕೆ ಹೇಗೆ ಮಾಡಬೇಕು? ತಮಾಷೆಗೆ ಕೇಳುತ್ತಿಲ್ಲ. (ರಾಜಾಜಿನಗರ ಕೈಗಾರಿಕಾ ಪ್ರದೇಶ)

ಉತ್ತರ: ನಾನೂ ತಮಾಷೆಗೆ ಉತ್ತರಿಸುತ್ತಿಲ್ಲ. ಕುಂಕುಮ, ವಿಭೂತಿಗಳನ್ನು ಎದೆಯ ಫಲಕಕ್ಕೆ ಹಚ್ಚಿ. ತಲೆಗೆ ಬೇಡ, ಏಕೆಂದರೆ ಹಣೆಯೆಂದು ನಮಗೆ ಕಾಣುವ ಜಾಗದಲ್ಲಿ ಕ್ಯಾಮೆರಾ ಮತ್ತು ದೂರ ಅಳೆಯುವ ಗಾಜು ಇರುತ್ತವೆ, ಅದರ ಮೇಲೆ ಪುಡಿ ಕೂತರೆ ಮಾರನೆಯ ದಿನ ಯಂತ್ರ ಗೋಡೆಗೆ ಹಾಯುತ್ತದೆ. ಹಾರದ ದಾರವನ್ನು ಕುತ್ತಿಗೆಯ ಕೀಲಿನಿಂದ ದೂರವಿಡಿ. ಕುಂಬಳಕಾಯಿಯನ್ನು ಹೊರಗೆ ಬಾಗಿಲ ಬಳಿ ಒಡೆಯಿರಿ. ಒದ್ದೆ ನೆಲದಲ್ಲಿ ಅದೂ ನಮ್ಮಂತೆಯೇ ಜಾರುತ್ತದೆ. ಗಾಡಿಗೆ ಮಾಡುವಂತೆ ಪಾದದ ಕೆಳಗೆ ನಿಂಬೆಹಣ್ಣು ಇಟ್ಟು ತುಳಿಸುವುದಾದರೆ ಮಾತ್ರ, ಮೊದಲು ಅದನ್ನು ಮೇಲಿನಿಂದ ಹಗ್ಗಕ್ಕೆ ಕಟ್ಟಿ, ಪುರೋಹಿತರನ್ನು ಹಳದಿ ಗೆರೆಯ ಆಚೆ ನಿಲ್ಲಿಸಿ.